ಸಂಗನಕಲ್ಲಿನ ಬಿಸಿಲು, ಬೋರ್ಡೋದ ನೆಲಮಾಳಿಗೆ

ಬಳ್ಳಾರಿ ನಗರದಿಂದ ಕೆಲವೇ ಕಿಲೋಮೀಟರ್ ದೂರದ ಸಂಗನಕಲ್ಲು ಬೆಟ್ಟಗಳನ್ನು ಪುರಾತತ್ತ್ವಜ್ಞರು ದಕ್ಷಿಣ ಭಾರತದ ನವಶಿಲಾಯುಗದ ಪ್ರಮುಖ ನೆಲೆಯೆಂದು ಬಲ್ಲರು. ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿ ಗುರುತಿಸಿದ ಈ ನೆಲೆಯನ್ನು ಬಿ. ಸುಬ್ಬರಾವ್ 1940ರ ದಶಕದಲ್ಲಿ ಅಗೆದು ಶೋಧಿಸಿದರು. ವಾಣಿಜ್ಯ ಲೋಕದವರು ಇದನ್ನು ಇನ್ನೊಂದು ದೃಷ್ಟಿಯಿಂದಲೂ ನೋಡಬಹುದಾಗಿದೆ. ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಇಲ್ಲಿನ ಹಿರೇಗುಡ್ಡದ ಮೇಲೆ ಡಾಲರೈಟ್ ಎಂಬ ಕಪ್ಪು ಶಿಲೆಯಿಂದ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲಾಗುತ್ತಿತ್ತು. ಸುತ್ತಲೂ ಗ್ರಾನೈಟ್ ಬಂಡೆಗಳ ರಾಶಿಯೇ ಇದ್ದರೂ ಆ ಕುಶಲಕರ್ಮಿಗಳು ಹುಡುಕಿ ಆರಿಸಿದ್ದು ಡಾಲರೈಟನ್ನೇ. ಯಾವ ಕಲ್ಲು ಎಲ್ಲಿದೆ, ಅದು ಯಾವ ಕೆಲಸಕ್ಕೆ ಒದಗುತ್ತದೆ ಎಂಬ ತಿಳಿವಳಿಕೆಯೇ ಅವರ ಮೂಲ ಬಂಡವಾಳವಾಗಿತ್ತು.

ಕಲ್ಲಿನ ನೆಲವನ್ನು ಹೀಗೆಯೇ ಅರಿತು ಬೆಲೆ ಕಂಡುಕೊಂಡ ಇನ್ನೊಂದು ನಾಡು ಫ್ರಾನ್ಸಿನ ನೈಋತ್ಯ ಕರಾವಳಿಯ ಬೋರ್ಡೋ. ಅಲ್ಲಿ ಜಿರಾಂದ್ ನದೀಮುಖದ ಎಡದಂಡೆಯ ಮೆದೋಕ್ ಪ್ರದೇಶದಲ್ಲಿ ನೆಲದ ತುಂಬ ನುಣುಪಾದ ಗರಸು ಕಲ್ಲು. ಗೋಧಿಗೆ ಒಗ್ಗದ ನೆಲವದು. ಆದರೆ ಮಳೆಯ ನೀರು ಅಲ್ಲಿ ನಿಲ್ಲದೆ ಇಂಗಿಹೋಗುತ್ತದೆ, ಕಲ್ಲುಗಳು ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡು ಇರುಳಿನಲ್ಲಿ ಬಳ್ಳಿಗೆ ಬಿಟ್ಟುಕೊಡುತ್ತವೆ, ಬೇರು ಆಳಕ್ಕಿಳಿಯುತ್ತದೆ. ತಡವಾಗಿ ಮಾಗುವ ಕ್ಯಾಬರ್ನೆ ಸಾವಿನ್ಯೋನ್ ಎಂಬ ದ್ರಾಕ್ಷಿಗೆ ಇದಕ್ಕಿಂತ ಹಿತವಾದ ನೆಲವಿಲ್ಲ. ಜಗತ್ತಿನ ಅತಿ ದುಬಾರಿ ಕೆಂಪು ವೈನ್‌ಗಳಲ್ಲಿ ಹಲವು ಈ ಗರಸಿನಿಂದಲೇ ಬರುತ್ತವೆ.

ಈ ವಿಷಯ ಬಳ್ಳಾರಿಯ ವರ್ತಕರಿಗೆ ಏಕೆ ಎಂಬ ಪ್ರಶ್ನೆ ಸಹಜ. ಹಂಪಿಗೆ ಬರುವ ವಿದೇಶಿ ಪ್ರವಾಸಿಗರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬಂದುಹೋಗುವ ತಂತ್ರಜ್ಞರು ಈ ಭಾಗದ ಹೋಟೆಲುಗಳಿಗೆ ಹೊಸ ಬೇಡಿಕೆಯನ್ನು ತಂದಿದ್ದಾರೆ. ನೆರೆಯ ಕೊಪ್ಪಳ ಜಿಲ್ಲೆಯ ತೋಟವೊಂದರಲ್ಲಿ ಅದೇ ಕ್ಯಾಬರ್ನೆ ಸಾವಿನ್ಯೋನ್ ಬೆಳೆದು ಬಾಟಲಿಯಾಗುತ್ತಿದೆ. ಸರಕು ಬಂದಿದೆ, ಸರಕನ್ನು ಪರೀಕ್ಷಿಸುವ, ಇರಿಸುವ, ಬಡಿಸುವ ತಿಳಿವಳಿಕೆ ಇನ್ನೂ ಬಂದಂತಿಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಊರಿನಲ್ಲಿ ಈ ಅಜ್ಞಾನಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ.

ವಾಣಿಜ್ಯ ಮಂಡಳಿ ಬರೆಸಿದ ಪಟ್ಟಿ

ಬೋರ್ಡೋ ವೈನ್‌ಗಳ ಕೀರ್ತಿಯನ್ನು ನಿಗದಿಗೊಳಿಸಿದವರು ರಾಜರಲ್ಲ, ಕವಿಗಳೂ ಅಲ್ಲ. ಆ ಊರಿನ ವಾಣಿಜ್ಯ ಮಂಡಳಿ ಮತ್ತು ದಲ್ಲಾಳಿಗಳು. 1855ರಲ್ಲಿ ಮೂರನೆಯ ನೆಪೋಲಿಯನ್ ಪ್ಯಾರಿಸ್ಸಿನಲ್ಲಿ ಜಾಗತಿಕ ವಸ್ತುಪ್ರದರ್ಶನವನ್ನು ಏರ್ಪಡಿಸಿದನು. ಅಲ್ಲಿ ಇಡಬೇಕಾದ ವೈನ್‌ಗಳ ದರ್ಜೆವಾರು ಪಟ್ಟಿಯನ್ನು ಕೊಡುವಂತೆ ಬೋರ್ಡೋದ ವಾಣಿಜ್ಯ ಮಂಡಳಿಯು ಏಪ್ರಿಲ್ 5ರಂದು ದಲ್ಲಾಳಿಗಳ ಸಂಘಕ್ಕೆ ಪತ್ರ ಬರೆಯಿತು. ಏಪ್ರಿಲ್ 18ರಂದು ಉತ್ತರ ಬಂದಿತು. ಕೇವಲ ಎರಡು ವಾರಗಳಲ್ಲಿ ಸಿದ್ಧವಾದ ಆ ಪಟ್ಟಿ ಇಂದಿಗೂ ಜಾರಿಯಲ್ಲಿದೆ.

ಇಷ್ಟು ಬೇಗ ಅದು ಹೇಗೆ ಸಾಧ್ಯವಾಯಿತು? ದಲ್ಲಾಳಿಗಳು ಹೊಸದಾಗಿ ರುಚಿ ನೋಡುವ ಗೋಜಿಗೆ ಹೋಗಲಿಲ್ಲ. ತಮ್ಮ ಲೆಕ್ಕದ ಪುಸ್ತಕಗಳನ್ನು ತೆರೆದರು. ಯಾವ ತೋಟದ ವೈನ್ ದಶಕಗಳ ಕಾಲ ಯಾವ ದರಕ್ಕೆ ಮಾರಾಟವಾಗಿದೆ ಎಂಬ ದಾಖಲೆ ಅವರಲ್ಲಿತ್ತು. ಹೆಚ್ಚು ದರ ಪಡೆದದ್ದು ಮೇಲಿನ ದರ್ಜೆ, ಕಡಿಮೆ ದರದ್ದು ಕೆಳಗಿನ ದರ್ಜೆ. ಹೀಗೆ ಐದು ದರ್ಜೆಗಳಾದವು. ಮೊದಲ ದರ್ಜೆಯಲ್ಲಿ ಲಾಫೀತ್, ಲಾತೂರ್, ಮಾರ್ಗೋ ಮತ್ತು ಓ-ಬ್ರಿಯೋನ್ ಎಂಬ ನಾಲ್ಕು ಮಾತ್ರ. 1973ರಲ್ಲಿ ಮೂತೋನ್ ರೋಥ್‌ಶೀಲ್ಡ್ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದನ್ನು ಬಿಟ್ಟರೆ ಆ ಮೇಲ್ಪಂಕ್ತಿಗೆ ಇನ್ನಾರೂ ಸೇರಿಲ್ಲ. ಮಾರುಕಟ್ಟೆಯ ತೀರ್ಪನ್ನು ಇಷ್ಟು ದೀರ್ಘಕಾಲ ಕಲ್ಲಿನಲ್ಲಿ ಕೆತ್ತಿಟ್ಟಂತೆ ಉಳಿಸಿಕೊಂಡದ್ದು ನ್ಯಾಯವೇ ಎಂಬ ವಾದ ಅಲ್ಲಿಯೂ ಇದೆ. ಕೆಳದರ್ಜೆಯ ಕೆಲವು ತೋಟಗಳು ಈಗ ಮೇಲಿನವನ್ನು ಮೀರಿಸುವ ದರವನ್ನು ಪಡೆಯುತ್ತಿರುವುದೂ ಉಂಟು.

ಅಲ್ಲಿನ ವ್ಯಾಪಾರದ ಕ್ರಮವೂ ಬಳ್ಳಾರಿಯ ಮಾರುಕಟ್ಟೆ ಪ್ರಾಂಗಣವನ್ನು ಬಲ್ಲವರಿಗೆ ತೀರ ಅಪರಿಚಿತವೆನಿಸದು. ತೋಟದವನು ನೇರವಾಗಿ ಗಿರಾಕಿಗೆ ಮಾರುವುದು ಕಡಿಮೆ. ತೋಟಕ್ಕೂ ಸಗಟು ವರ್ತಕನಿಗೂ ನಡುವೆ ದಲ್ಲಾಳಿ ನಿಲ್ಲುತ್ತಾನೆ. ಅವನ ದಲ್ಲಾಳಿ ಸಾಮಾನ್ಯವಾಗಿ ಶೇಕಡಾ 2. ಶರತ್ಕಾಲದಲ್ಲಿ ಕೊಯ್ದ ದ್ರಾಕ್ಷಿಯ ವೈನನ್ನು ಮುಂದಿನ ವಸಂತದಲ್ಲಿ, ಅದು ಇನ್ನೂ ಪೀಪಾಯಿಯಲ್ಲಿರುವಾಗಲೇ, ರುಚಿ ನೋಡಿ ದರ ಕಟ್ಟುತ್ತಾರೆ. ಕೊಂಡವನು ಹಣವನ್ನು ಆಗಲೇ ಕೊಡಬೇಕು. ಬಾಟಲಿ ಕೈಸೇರುವುದು ಸುಮಾರು ಎರಡು ವರ್ಷಗಳ ಬಳಿಕ. ತೋಟದವನಿಗೆ ಕೂಡಲೇ ಹಣ ಸಿಗುತ್ತದೆ, ದರ ಏರಿದರೆ ಲಾಭ ವರ್ತಕನದು, ಇಳಿದರೆ ನಷ್ಟವೂ ಅವನದೇ. ಹೊಲದಲ್ಲಿರುವ ಬೆಳೆಗೆ ಮುಂಗಡ ಕೊಟ್ಟು ಕೈಸುಟ್ಟುಕೊಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕಣ್ಣು, ಮೂಗು, ನಾಲಗೆ

ಹತ್ತಿಯ ವ್ಯಾಪಾರಿ ಎಳೆಯನ್ನು ಬೆರಳುಗಳ ನಡುವೆ ಎಳೆದು ನೋಡುತ್ತಾನೆ. ಸಿರುಗುಪ್ಪದ ಗಿರಣಿಯವನು ಭತ್ತದ ಕಾಳನ್ನು ಹಲ್ಲಿನಲ್ಲಿ ಕಚ್ಚಿ ತೇವವನ್ನು ಅಳೆಯುತ್ತಾನೆ. ವೈನಿನ ಪರೀಕ್ಷೆಯೂ ಇಂಥದೇ ಕಸುಬು. ಅದರ ಸುತ್ತ ಬೆಳೆದಿರುವ ಆಡಂಬರವನ್ನು ಕಳಚಿದರೆ ಉಳಿಯುವುದು ಮೂರು ಸರಳ ಹಂತಗಳು.

ಮೊದಲು ಕಣ್ಣು. ಲೋಟದ ಮೂರನೆಯ ಒಂದು ಭಾಗದಷ್ಟು ಮಾತ್ರ ಸುರಿದು, ಬಿಳಿಯ ಕಾಗದದ ಮೇಲೆ ಲೋಟವನ್ನು ಓರೆಯಾಗಿ ಹಿಡಿದು ಅಂಚಿನ ಬಣ್ಣವನ್ನು ನೋಡಬೇಕು. ಎಳೆಯ ವೈನಿನ ಅಂಚು ನೇರಳೆಯ ಛಾಯೆಯಲ್ಲಿರುತ್ತದೆ. ವರ್ಷಗಳು ಕಳೆದಂತೆ ಅದು ಮಾಣಿಕ್ಯದ ಕೆಂಪಿಗೆ, ಅನಂತರ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಎರಡೇ ವರ್ಷದ ಬಾಟಲಿಯಲ್ಲಿ ಇಟ್ಟಿಗೆಯ ಕಂದು ಕಂಡಿತೆಂದರೆ ಅದು ಸಹಜವಾಗಿ ಮಾಗಿದ್ದಲ್ಲ, ಎಲ್ಲಿಯೋ ಬಿಸಿಗೆ ಬೆಂದದ್ದು ಎಂದು ಅನುಮಾನಿಸಬೇಕು.

ಎರಡನೆಯದು ಮೂಗು, ಪರೀಕ್ಷೆಯ ಬಹುಪಾಲು ಇಲ್ಲಿಯೇ ಮುಗಿಯುತ್ತದೆ. ಲೋಟವನ್ನು ಮೆಲ್ಲಗೆ ಸುತ್ತಿಸಿದರೆ ಗಾಳಿ ಬೆರೆತು ವಾಸನೆ ಮೇಲೇಳುತ್ತದೆ. ಮೆದೋಕ್‌ನ ಎಳೆಯ ಕ್ಯಾಬರ್ನೆಯಲ್ಲಿ ಯುರೋಪಿನವರು ಕಪ್ಪು ಕರಂಟ್ ಹಣ್ಣಿನ ಪರಿಮಳವನ್ನು ಗುರುತಿಸುತ್ತಾರೆ. ಆ ಹಣ್ಣನ್ನು ಕಾಣದ ಕನ್ನಡಿಗರು ಚೆನ್ನಾಗಿ ಕಳಿತ ನೇರಳೆಯನ್ನು ನೆನೆದುಕೊಂಡರೆ ಹತ್ತಿರವಾದೀತು. ಪೋಯಾಕ್ ಎಂಬ ಊರಿನ ವೈನ್‌ಗಳಿಗೆ ಆಗತಾನೆ ಹೆರೆದ ಪೆನ್ಸಿಲ್ಲಿನ ವಾಸನೆಯುಂಟೆಂಬುದು ಪ್ರಸಿದ್ಧ. ಓಕ್ ಮರದ ಪೀಪಾಯಿಯಿಂದ ವೆನಿಲಾ, ಲವಂಗ, ಸುಟ್ಟ ಕಟ್ಟಿಗೆಯ ಗಂಧ ಸೇರುತ್ತವೆ. ಹತ್ತು ಹದಿನೈದು ವರ್ಷ ಕಳೆದ ಮೇಲೆ ಹಣ್ಣಿನ ವಾಸನೆ ಹಿಂದೆ ಸರಿದು ಹದಮಾಡಿದ ಚರ್ಮ, ಒಣ ತಂಬಾಕು, ಮಳೆ ಬಿದ್ದ ಕಾಡಿನ ತರಗೆಲೆ ಮುಂದಕ್ಕೆ ಬರುತ್ತವೆ. ಮಳೆಗೆ ನೆಂದು ಮುಗ್ಗಿದ ಗೋಣಿಚೀಲದ ವಾಸನೆ ಬಂದರೆ ಮಾತ್ರ ಬಾಟಲಿಯನ್ನು ಹಿಂದಿರುಗಿಸಬೇಕು. ಅದು ಬಿರಡೆಯ ತೊಗಟೆಯಲ್ಲಿ ಉಂಟಾಗುವ ಒಂದು ರಾಸಾಯನಿಕದ ಕಳಂಕ. ತೋಟ ಎಷ್ಟೇ ಹೆಸರಾಂತದ್ದಾದರೂ ತಪ್ಪಿದ್ದಲ್ಲ. ಹೋಟೆಲಿನಲ್ಲಿ ಮೊದಲು ಒಂದು ಗುಟುಕನ್ನು ಸುರಿದು ತೋರಿಸುವ ಪದ್ಧತಿ ಇರುವುದು ಈ ದೋಷದ ಪರೀಕ್ಷೆಗಾಗಿಯೇ ಹೊರತು ಗಿರಾಕಿಗೆ ರುಚಿಸಿತೇ ಎಂದು ಕೇಳುವುದಕ್ಕಲ್ಲ.

ಮೂರನೆಯದು ನಾಲಗೆ. ಸಿಹಿ, ಹುಳಿ, ಒಗರು, ಮದ್ಯಸಾರದ ಬಿಸಿ, ನುಂಗಿದ ಬಳಿಕ ರುಚಿ ಉಳಿಯುವ ಅವಧಿ ಎಂಬ ಐದು ಅಂಶಗಳನ್ನು ಇಲ್ಲಿ ತೂಗಬೇಕು. ಇವುಗಳಲ್ಲಿ ಒಗರಿನ ವಿಷಯದಲ್ಲಿ ಕನ್ನಡ ನಾಲಗೆಗೆ ಒಂದು ಅನುಕೂಲವಿದೆ. ಅಡಿಕೆ, ಕಾಚು, ಬಾಳೆಕಾಯಿ, ನೇರಳೆಗಳಿಂದ ಒಗರನ್ನು ಒಂದು ರುಚಿಯಾಗಿಯೇ ಬಲ್ಲವರು ನಾವು. ಆಯುರ್ವೇದದ ಷಡ್ರಸಗಳಲ್ಲಿ ಅದಕ್ಕೆ ಕಷಾಯವೆಂಬ ಹೆಸರಿನ ಸ್ಥಾನವೂ ಇದೆ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುವ ಟ್ಯಾನಿನ್ ಎಂಬ ವಸ್ತು ಜೊಲ್ಲಿನ ಪ್ರೋಟೀನನ್ನು ಹಿಡಿದು ಬಾಯಿ ಒಣಗಿಸುತ್ತದೆ. ಎಳೆಯ ಬೋರ್ಡೋ ಒಗರಾಗಿಯೇ ಇರುತ್ತದೆ. ಒಗರು ಒರಟೋ ಅಥವಾ ನುಣುಪೋ ಎಂಬುದನ್ನು ಗಮನಿಸಬೇಕು. ಅದರ ಮೇಲೆಯೇ ಆ ವೈನ್ ಮುಂದೆ ಎಷ್ಟು ವರ್ಷ ಬಾಳೀತು ಎಂಬ ಅಂದಾಜು ನಿಂತಿದೆ. ವೃತ್ತಿಪರರು ಗುಟುಕನ್ನು ನುಂಗದೆ ಉಗುಳುತ್ತಾರೆ. ದಿನಕ್ಕೆ ಐವತ್ತು ಮಾದರಿಗಳನ್ನು ನೋಡಬೇಕಾದವನಿಗೆ ಅನ್ಯಮಾರ್ಗವಿಲ್ಲ.

ಹೆಸರನ್ನು ಮುಚ್ಚಿ ರುಚಿ ನೋಡಿದಾಗ ಏನಾಗಬಹುದು ಎಂಬುದಕ್ಕೆ 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ನಡೆದ ಪರೀಕ್ಷೆಯೇ ಸಾಕ್ಷಿ. ಇಂಗ್ಲಿಷ್ ವರ್ತಕ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ ಆ ಕೂಟದಲ್ಲಿ ಫ್ರೆಂಚ್ ಪರಿಣತರೇ ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ ತೋಟದ 1973ರ ಕ್ಯಾಬರ್ನೆಗೆ ಮೊದಲ ಸ್ಥಾನ ಕೊಟ್ಟರು. 1970ರ ಮೂತೋನ್ ಮತ್ತು ಓ-ಬ್ರಿಯೋನ್ ಅದರ ಹಿಂದೆ ನಿಂತವು. ಚೀಟಿಯನ್ನು ಕಂಡು ರುಚಿಯನ್ನು ಹೊಗಳುವವರು ನಮ್ಮಲ್ಲಿ ಮಾತ್ರವಿಲ್ಲ ಎಂಬುದು ಸಮಾಧಾನದ ಸಂಗತಿ.

ಹಳೆಯ ಅಕ್ಕಿ, ಹಳೆಯ ವೈನ್

ತುಂಗಭದ್ರಾ ಕಾಲುವೆಯ ಸೋನಾ ಮಸೂರಿಯನ್ನು ವ್ಯಾಪಾರ ಮಾಡುವವರಿಗೆ ಕಾಲದ ಬೆಲೆ ಗೊತ್ತು. ಹೊಸ ಅಕ್ಕಿ ಮುದ್ದೆಯಾಗುತ್ತದೆ. ವರ್ಷ ಕಳೆದ ಅಕ್ಕಿ ಹೆಚ್ಚು ನೀರು ಹೀರಿ, ಅನ್ನ ಉದುರುದುರಾಗಿ ಬರುತ್ತದೆ. ಅದಕ್ಕಾಗಿ ಗಿರಾಕಿ ಹೆಚ್ಚು ದರ ತೆರುತ್ತಾನೆ. ಆ ಹೆಚ್ಚಿನ ದರದಲ್ಲಿ ಗೋದಾಮಿನ ಬಾಡಿಗೆ, ಹುಳುವಿನ ನಷ್ಟ, ಬಂಡವಾಳದ ಬಡ್ಡಿ ಎಲ್ಲವೂ ಸೇರಿರಬೇಕು. ಉತ್ತಮ ಬೋರ್ಡೋದ ಲೆಕ್ಕ ಇದೇ. ಒಂದು ವರ್ಷದ ಬದಲು ಹತ್ತು, ಇಪ್ಪತ್ತು ವರ್ಷ ಎಂಬುದಷ್ಟೇ ಭೇದ. ನೂರು ರೂಪಾಯಿ ಬಂಡವಾಳ ಶೇಕಡಾ 12ರ ಚಕ್ರಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಸುಮಾರು 310 ರೂಪಾಯಿಯಾಗುತ್ತದೆ. ಅಂದರೆ ಬೆಲೆ ಮೂರು ಪಟ್ಟಾದರೂ ಇರಿಸಿಕೊಂಡವನಿಗೆ ಗಿಟ್ಟುವುದು ಶೂನ್ಯಕ್ಕಿಂತ ಕಡಿಮೆ.

ತೋಟದಲ್ಲಿ ಮಾಗಿಸುವ ಕೆಲಸವು 225 ಲೀಟರಿನ ಓಕ್ ಪೀಪಾಯಿಯಲ್ಲಿ ಆರಂಭವಾಗುತ್ತದೆ. ಒಂದು ಪೀಪಾಯಿಯಿಂದ 750 ಮಿಲಿಲೀಟರಿನ 300 ಬಾಟಲಿಗಳು. ಹೊಸ ಪೀಪಾಯಿಗೆ ನೂರಾರು ಯೂರೋ ಬೆಲೆ; ಮೇಲ್ದರ್ಜೆಯ ತೋಟಗಳು ಪ್ರತಿವರ್ಷವೂ ಬಹುಪಾಲು ಹೊಸದನ್ನೇ ಬಳಸುತ್ತವೆ. ಅದರಲ್ಲಿ ವೈನ್ ಸಾಮಾನ್ಯವಾಗಿ 18ರಿಂದ 24 ತಿಂಗಳು ಇರುತ್ತದೆ. ಮರದ ರಂಧ್ರಗಳಿಂದ ಅಣುವಿನಷ್ಟು ಗಾಳಿ ಒಳಬಂದು ಒಗರನ್ನು ಮೃದುಗೊಳಿಸುತ್ತದೆ. ಆವಿಯಾಗಿ ಹೋದಷ್ಟನ್ನು ಮತ್ತೆ ತುಂಬಬೇಕು. ಮೂರು ತಿಂಗಳಿಗೊಮ್ಮೆ ತಳದ ಗಸಿಯನ್ನು ಬಿಟ್ಟು ತಿಳಿಯನ್ನು ಬೇರೆ ಪೀಪಾಯಿಗೆ ಬಸಿಯಲಾಗುತ್ತದೆ. ಕೊನೆಗೆ ಪೀಪಾಯಿಗೆ ಐದಾರರಂತೆ ಮೊಟ್ಟೆಯ ಬಿಳಿಯನ್ನು ಹಾಕಿ ಉಳಿದ ಮಡ್ಡಿಯನ್ನು ಇಳಿಸುವ ಹಳೆಯ ರೂಢಿಯನ್ನು ಕೆಲವು ತೋಟಗಳು ಇಂದಿಗೂ ಬಿಟ್ಟಿಲ್ಲ. ಸಂಪೂರ್ಣ ಸಸ್ಯಾಹಾರಿಗಳಾದ ಗಿರಾಕಿಗಳಿಗೆ ಈ ವಿಷಯವನ್ನು ತಿಳಿಸುವುದು ಮಾರುವವನ ಧರ್ಮ.

ಬಾಟಲಿಗೆ ಇಳಿದ ಮೇಲೆ ನಿಧಾನವಾದ ಎರಡನೆಯ ಬದುಕು. ಒಗರಿನ ಕಣಗಳೂ ಬಣ್ಣದ ಕಣಗಳೂ ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗಿ, ಕಡೆಗೆ ಗಸಿಯಾಗಿ ತಳಕ್ಕೆ ಕೂರುತ್ತವೆ. ಹಳೆಯ ಬಾಟಲಿಯನ್ನು ಒಂದು ದಿನ ನೆಟ್ಟಗೆ ನಿಲ್ಲಿಸಿ, ಬಳಿಕ ಗಸಿ ಕದಡದಂತೆ ಗಾಜಿನ ಹೂಜಿಗೆ ಬಸಿಯಬೇಕಾದದ್ದು ಇದಕ್ಕಾಗಿ. ಈ ಬದಲಾವಣೆ ಸರಿಯಾದ ಗತಿಯಲ್ಲಿ ಸಾಗಬೇಕಾದರೆ 12ರಿಂದ 14 ಡಿಗ್ರಿಯ ಸ್ಥಿರ ತಾಪ, ಸುಮಾರು ಶೇಕಡಾ 70ರ ತೇವಾಂಶ, ಕತ್ತಲೆ, ನಿಶ್ಚಲತೆ ಇಷ್ಟೂ ಬೇಕು. ಬಾಟಲಿಯನ್ನು ಮಲಗಿಸಿ ಇಡಬೇಕು. ನಿಲ್ಲಿಸಿದರೆ ಬಿರಡೆ ಒಣಗಿ ಕುಗ್ಗಿ ಗಾಳಿ ನುಗ್ಗುತ್ತದೆ.

ಉತ್ತರ ಕರ್ನಾಟಕದ ಹಿರಿಯರು ಜೋಳವನ್ನು ಹಗೇವಿನಲ್ಲಿ ಇರಿಸುತ್ತಿದ್ದುದರ ತತ್ತ್ವ ಇದಕ್ಕಿಂತ ಬೇರೆಯಲ್ಲ. ನೆಲದೊಳಗೆ ಕತ್ತಲೆ, ಗಾಳಿಯ ಅಭಾವ, ಬೇಸಗೆ ಚಳಿಗಾಲಗಳ ಅಂತರ ಅರಿವಾಗದಂಥ ತಾಪ. ಹಗೇವನ್ನು ತೆರೆದ ಕೂಡಲೇ ಒಳಗಿಳಿಯಬಾರದೆಂಬ ಎಚ್ಚರಿಕೆಯೂ ಎರಡೂ ಕಡೆ ಸಮಾನ. ದ್ರಾಕ್ಷಿರಸ ಹುದುಗುವ ನೆಲಮಾಳಿಗೆಯಲ್ಲಿ ತುಂಬುವ ಇಂಗಾಲದ ಡೈಆಕ್ಸೈಡ್ ಅನಿಲವೂ ಪ್ರಾಣ ತೆಗೆಯಬಲ್ಲದು. ಆದರೆ ಹಗೇವು ಜೋಳಕ್ಕೆ ಸಾಕಾದರೂ ವೈನಿಗೆ ಸಾಲದು. ಬಳ್ಳಾರಿಯ ನೆಲವನ್ನು ಎಷ್ಟು ಅಗೆದರೂ 13 ಡಿಗ್ರಿ ದೊರೆಯುವುದಿಲ್ಲ. ಆಳಕ್ಕಿಳಿದಂತೆ ಸಿಗುವುದು ವರ್ಷದ ಸರಾಸರಿ ತಾಪ, ಅದು ಇಲ್ಲಿ ಅದರ ಎರಡರಷ್ಟು.

ತಾಪ ಏರಿದಂತೆ ರಾಸಾಯನಿಕ ಕ್ರಿಯೆಗಳು ಚುರುಕಾಗುತ್ತವೆ. ಹಾಗೆಂದು ಬಿಸಿಯಲ್ಲಿಟ್ಟರೆ ವೈನ್ ಬೇಗ ಮಾಗುವುದಿಲ್ಲ, ಬೇಗ ಕೆಡುತ್ತದೆ. ಮಾವನ್ನು ಅಡೆ ಹಾಕುವುದಕ್ಕೂ ಬಿಸಿಲಿನಲ್ಲಿ ಬೇಯಿಸುವುದಕ್ಕೂ ಇರುವ ಅಂತರವದು. ತಗಡಿನ ಚಾವಣಿಯ ಗೋದಾಮಿನಲ್ಲಿ ಒಂದು ಬೇಸಗೆ ಕಳೆದ ಬಾಟಲಿಯಲ್ಲಿ ದ್ರವ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ. ಮೇಲಿನ ಹೊದಿಕೆಯಡಿ ಅಂಟು ಜಿನುಗಿದ ಗುರುತು ಕಂಡರೆ ಆ ಪೆಟ್ಟಿಗೆಯನ್ನು ಸ್ವೀಕರಿಸಬಾರದು. ಒಳಗಿನ ಹಣ್ಣಿನ ಪರಿಮಳ ಹೋಗಿ, ಕುದಿಸಿದ ಒಣದ್ರಾಕ್ಷಿಯ ವಾಸನೆ ಉಳಿದಿರುತ್ತದೆ. ಶೇಕಡಾ 150ರವರೆಗಿನ ಆಮದು ಸುಂಕವನ್ನು ಹೊತ್ತು ಬಂದ ಫ್ರೆಂಚ್ ಬಾಟಲಿಯೊಂದು ಕೊನೆಯ ಮುನ್ನೂರು ಕಿಲೋಮೀಟರ್ ಲಾರಿಯಲ್ಲಿ, ಏಪ್ರಿಲ್ ಮಧ್ಯಾಹ್ನದಲ್ಲಿ ಬೆಂದುಹೋದರೆ, ಕೊಂಡವನು ತೆತ್ತದ್ದು ಚೀಟಿಯ ಬೆಲೆ ಮಾತ್ರ. ಬೋರ್ಡೋವನ್ನು ಎಂದೂ ಕುಡಿದಿರದ ಗಿರಾಕಿ ಇದರ ರುಚಿಯೇ ಹೀಗೆ ಇರಬೇಕೆಂದು ನಂಬುತ್ತಾನೆ. ಇಲ್ಲವೇ ಎರಡನೆಯ ಬಾರಿ ಕೇಳುವುದಿಲ್ಲ. ಎರಡರಲ್ಲಿ ಯಾವುದೂ ವ್ಯಾಪಾರಕ್ಕೆ ಹಿತವಲ್ಲ.

ನಂದಿಯಿಂದ ಹಂಪಿಯತ್ತ

ಫ್ರೆಂಚ್ ಬಳ್ಳಿಯನ್ನು ಕರ್ನಾಟಕದಲ್ಲಿ ಊರಿದ ಕೀರ್ತಿ ಕನ್ವಲ್ ಗ್ರೋವರ್ ಅವರದು. ಷಾಂಪೇನ್ ಪ್ರಾಂತದ ಪರಿಣತ ಜಾರ್ಜ್ ವೆಸೆಲ್ ಅವರ ನೆರವಿನಿಂದ 1980ರ ದಶಕದಲ್ಲಿ ಹಲವು ತಳಿಗಳನ್ನು ಪರೀಕ್ಷಿಸಿ, ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ ತೋಟವನ್ನು ಮಾಡಿದರು. 1990ರ ದಶಕದಲ್ಲಿ ಬೋರ್ಡೋದ ಹೆಸರಾಂತ ಸಲಹೆಗಾರ ಮಿಶೆಲ್ ರೋಲಾಂ ಅವರೂ ಜೊತೆಗೂಡಿದರು. ಕ್ಯಾಬರ್ನೆ ಮತ್ತು ಶಿರಾಜ್ ದ್ರಾಕ್ಷಿಗಳನ್ನು ಬೆರೆಸಿ ಫ್ರೆಂಚ್ ಓಕ್‌ನಲ್ಲಿ ಮಾಗಿಸಿದ ಅವರ ಲಾ ರಿಸರ್ವ್ ವೈನಿಗೆ 2005ರಲ್ಲಿ ಲಂಡನ್ನಿನ ಡಿಕ್ಯಾಂಟರ್ ಪತ್ರಿಕೆಯ ಮೆಚ್ಚುಗೆ ದೊರೆಯಿತು. ಈ ಸಂಸ್ಥೆ 2012ರಲ್ಲಿ ಮಹಾರಾಷ್ಟ್ರದ ಕಂಪನಿಯೊಂದಿಗೆ ಸೇರಿ ಗ್ರೋವರ್ ಜಂಪಾ ಎಂದಾಯಿತು. ರಾಜ್ಯ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದು, ಪ್ರತ್ಯೇಕ ವೈನ್ ಮಂಡಳಿಯನ್ನೂ ಸ್ಥಾಪಿಸಿತು.

ಬಳ್ಳಾರಿಗೆ ಹತ್ತಿರದ ಉದಾಹರಣೆ ಕೃಸ್ಮಾ. ಹೈದರಾಬಾದಿನ ಔಷಧೋದ್ಯಮಿ ಕೃಷ್ಣಪ್ರಸಾದ್ ಚಿಗುರುಪಾಟಿ ಮತ್ತು ಅವರ ಪತ್ನಿ ಉಮಾ ಅವರು ಕೊಪ್ಪಳ ಜಿಲ್ಲೆಯಲ್ಲಿ ಮಾಡಿದ ತೋಟವಿದು. ಬಾಟಲಿಯ ಮೇಲೆ ಹಂಪಿ ಬೆಟ್ಟಗಳ ಹೆಸರಿದೆ. ಅವರ ಕ್ಯಾಬರ್ನೆ ಸಾವಿನ್ಯೋನ್ ದೇಶದ ಉತ್ತಮ ಕೆಂಪು ವೈನ್‌ಗಳ ಸಾಲಿನಲ್ಲಿ ಎಣಿಸಲ್ಪಡುತ್ತದೆ. ಹಂಪಿಯ ಹೆಸರು ಪ್ರವಾಸಿಗನ ಕಿವಿಗೆ ಮೊದಲೇ ಬಿದ್ದಿರುವುದು ಮಾರಾಟಕ್ಕೆ ಸಣ್ಣ ಸಹಾಯವಲ್ಲ.

ಹಾಗಾದರೆ ಸಂಗನಕಲ್ಲಿನ ಗುಡ್ಡದ ಬುಡದಲ್ಲಿಯೂ ಬಳ್ಳಿ ನೆಡಬಹುದೇ? ಕಲ್ಲು ಬೆರೆತ ನೆಲ, ಕಡಿಮೆ ಮಳೆ, ಒಣಹವೆ ಮೂರೂ ಅನುಕೂಲಕರವೇ. ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರಿಸುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದ್ದರಿಂದ ಬೇಸಗೆಯಲ್ಲೊಮ್ಮೆ, ಮಳೆಗಾಲ ಮುಗಿಯುವಾಗ ಇನ್ನೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ಸವರಿ, ಫೆಬ್ರವರಿ ಮಾರ್ಚ್ ಹೊತ್ತಿಗೆ ಕೊಯ್ಲನ್ನು ಮುಗಿಸುತ್ತಾರೆ. ತೊಡಕು ಇರುವುದು ಇರುಳಿನ ಸೆಕೆಯಲ್ಲಿ. ನಂದಿಯ ತಪ್ಪಲು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬಳ್ಳಾರಿ ಅದರ ಅರ್ಧದಷ್ಟು. ರಾತ್ರಿ ತಂಪಾಗದಿದ್ದರೆ ಹಣ್ಣಿನ ಹುಳಿ ಬೇಗ ಕರಗಿ, ಸಕ್ಕರೆ ಮಾತ್ರ ಏರುತ್ತದೆ. ಹುಳಿಯಿಲ್ಲದ ವೈನ್ ಎಷ್ಟೇ ಬಣ್ಣದ್ದಾದರೂ ಬಹುಕಾಲ ಬಾಳದು. ಕೊಯ್ಲಿನ ಕಾಲವನ್ನು ಎಷ್ಟು ಮುಂಚಿತವಾಗಿಟ್ಟರೆ ಹುಳಿ ಉಳಿದೀತು ಎಂಬುದನ್ನು ಸಣ್ಣ ತಾಕಿನಲ್ಲಿ ನಾಲ್ಕಾರು ವರ್ಷ ನೋಡದೆ ಸಾಲ ಮಾಡಿ ಹತ್ತಾರು ಎಕರೆಗೆ ಕೈಹಾಕುವುದು ವಿವೇಕವಲ್ಲ. ಕೊಳ್ಳುವ ಕಾರ್ಖಾನೆಯೊಡನೆ ಲಿಖಿತ ಕರಾರು ಇರಲೇಬೇಕು. ವೈನ್ ದ್ರಾಕ್ಷಿಯ ಕಾಯಿ ಸಣ್ಣದು, ಬೀಜ ಹೆಚ್ಚು, ಸಂತೆಯಲ್ಲಿ ತಿನ್ನಲು ಯಾರೂ ಕೊಳ್ಳುವುದಿಲ್ಲ.

ಭಾರತದ ಕೆಂಪು ವೈನ್‌ಗಳಲ್ಲಿ ಹೆಚ್ಚಿನವು ಮೂರರಿಂದ ಐದು ವರ್ಷದೊಳಗೆ ಕುಡಿಯಲು ತಯಾರಾದಂಥವು. ಅವನ್ನು ಬೋರ್ಡೋದಂತೆ ಕೂಡಿಡುವುದರಿಂದ ಪ್ರಯೋಜನವಿಲ್ಲ. ಹೋಟೆಲಿನವರು ಒಂದು ತಿಂಗಳಿಗೆ ಸಾಕಾಗುವಷ್ಟನ್ನು ಮಾತ್ರ ತರಿಸಿ ತಂಪುಪೆಟ್ಟಿಗೆಯಲ್ಲಿ ಇಡುವುದೇ ಲೇಸು.

ಊಟದ ಜೊತೆಗೆ

ಬೋರ್ಡೋದಲ್ಲಿ ಕೆಂಪು ವೈನಿನ ಜೊತೆ ಪೋಯಾಕ್‌ನ ಎಳೆಗುರಿಯ ಮಾಂಸವನ್ನು ಸುಟ್ಟು ಬಡಿಸುತ್ತಾರೆ. ಮಾಂಸದ ಕೊಬ್ಬು ಮತ್ತು ಪ್ರೋಟೀನು ಟ್ಯಾನಿನ್ನನ್ನು ಹಿಡಿದುಕೊಳ್ಳುವುದರಿಂದ ಬಾಯಿಗೆ ಒಗರು ಕಡಿಮೆಯಾಗಿ, ಹಣ್ಣಿನ ರುಚಿ ಮುಂದೆ ಬರುತ್ತದೆ. ಉಪ್ಪೂ ಒಗರನ್ನು ತಗ್ಗಿಸುತ್ತದೆ. ವೈನ್ ಎಳೆಯದಾದಷ್ಟೂ ಊಟ ಕೊಬ್ಬಿನದಾಗಿರಬೇಕು, ಹಳೆಯದಾದಷ್ಟೂ ಅಡುಗೆ ಸರಳವಾಗಿರಬೇಕು. ಇಪ್ಪತ್ತು ವರ್ಷದ ಮಾರ್ಗೋವನ್ನು ಮಸಾಲೆಯ ಊಟದ ಜೊತೆ ತೆರೆಯುವುದೆಂದರೆ ಬ್ಯಾಂಡಿನ ಮೆರವಣಿಗೆಯಲ್ಲಿ ವೀಣೆ ನುಡಿಸಿದಂತೆ.

ಬಳ್ಳಾರಿಯ ಊಟದ ಎದುರು ನಿಲ್ಲುವ ದೊಡ್ಡ ಪ್ರಶ್ನೆ ಮೆಣಸಿನಕಾಯಿ. ಕುರುಗೋಡು, ಸಿರುಗುಪ್ಪ ಭಾಗದ ಹೊಲಗಳ ಕೆಂಪು ಬೆಳೆ ಇಲ್ಲಿನ ತಟ್ಟೆಯಲ್ಲಿಯೂ ಕೆಂಪೇ. ಖಾರವು ಮದ್ಯಸಾರದ ಬಿಸಿಯನ್ನೂ ಟ್ಯಾನಿನ್ನಿನ ಒಗರನ್ನೂ ಹೆಚ್ಚಿಸುತ್ತದೆ. ಕೆಂಪು ಚಟ್ನಿ, ಮಿರ್ಚಿ ಬಜ್ಜಿಗಳ ಜೊತೆ ಉತ್ತಮ ಕ್ಯಾಬರ್ನೆ ಬೆಂಕಿಯ ಮೇಲೆ ಸುರಿದ ಎಣ್ಣೆ. ಎಣ್ಣೆಗಾಯಿ ಬದನೆಯ ಕಥೆ ಬೇರೆ. ಶೇಂಗಾ, ಎಳ್ಳು, ಕೊಬ್ಬರಿಗಳ ಜಿಡ್ಡು ಮಾಂಸದ ಕೊಬ್ಬಿನ ಕೆಲಸವನ್ನು ತಾನೇ ಮಾಡುತ್ತದೆ. ಖಾರವನ್ನು ಹಿಡಿತದಲ್ಲಿಟ್ಟು, ಜೋಳದ ರೊಟ್ಟಿಯ ಜೊತೆ ಒಗರು ಕಡಿಮೆಯಿರುವ ಎಳೆಯ ಶಿರಾಜ್ ಕೊಟ್ಟರೆ ಹೊಂದಿಕೆ ಚೆನ್ನಾಗಿಯೇ ಕೂಡುತ್ತದೆ. ಮಟನ್ ಬಿರಿಯಾನಿಗೆ ಐದಾರು ವರ್ಷದ, ಒಗರು ಇಳಿದ ಕ್ಯಾಬರ್ನೆ ಸಾಕು. ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ಹುರಿದ ಅಣಬೆ, ಕೆಂಡದ ಮೇಲೆ ಸುಟ್ಟ ಪನೀರು ಉತ್ತಮ ಜೊತೆಗಾರರು. ಮೊಸರು, ಉಪ್ಪಿನಕಾಯಿ, ಹೋಳಿಗೆ ಮೂರನ್ನೂ ದೂರವಿಡಬೇಕು. ಸಿಹಿಯೆದುರು ಒಣ ವೈನ್ ಹುಳಿಯಾಗಿ, ಕಹಿಯಾಗಿ ತೋರುತ್ತದೆ. ಬಳ್ಳಾರಿಯ ಹೆಸರಾಂತ ಅಂಜೂರ ಒಣಗಿದಾಗ ಅದರ ಸಿಹಿ ಗಾಢವಾಗುವುದರಿಂದ ಅದಕ್ಕೆ ಒಪ್ಪುವುದು ಬೋರ್ಡೋ ಅಲ್ಲ, ಪೋರ್ಚುಗಲ್ಲಿನ ಸಿಹಿ ಪೋರ್ಟ್. ಹೊಳೆಯ ಮೀನಿಗೂ ಕೆಂಪು ವೈನಿಗೂ ಆಗಿಬರುವುದಿಲ್ಲ. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶವೇ ಬಾಯಲ್ಲಿ ಮೀನಿನ ಹಸಿವಾಸನೆಯನ್ನು ಎಬ್ಬಿಸುತ್ತದೆಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದರು.

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂಬ ಮಾತನ್ನು ಮಾರಾಟಕ್ಕೆ ಬಳಸುವ ರೂಢಿ 1990ರ ದಶಕದಿಂದ ಬಂದಿದೆ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಜನವರಿಯಲ್ಲಿ ಹೇಳಿದ ಬಳಿಕ ಆ ಮಾತನ್ನು ಮಾರುವವರು ಕೈಬಿಡುವುದೇ ಮರ್ಯಾದೆ.

ಬಡಿಸುವಾಗ ಆಗುವ ಸಾಮಾನ್ಯ ತಪ್ಪು ಒಂದುಂಟು. ಕೆಂಪು ವೈನನ್ನು ಕೋಣೆಯ ತಾಪದಲ್ಲಿ ಕೊಡಬೇಕೆಂಬ ಫ್ರೆಂಚರ ನಿಯಮವನ್ನು ಇಲ್ಲಿನ ಹೋಟೆಲುಗಳು ಅಕ್ಷರಶಃ ಪಾಲಿಸುತ್ತವೆ. ಆ ನಿಯಮ ಹುಟ್ಟಿದ್ದು ಕಲ್ಲಿನ ಗೋಡೆಯ, ಕುಲುಮೆಯಿಲ್ಲದ ಮನೆಗಳಲ್ಲಿ. ಅಲ್ಲಿ ಕೋಣೆಯ ತಾಪವೆಂದರೆ 16ರಿಂದ 18 ಡಿಗ್ರಿ. ಬಳ್ಳಾರಿಯ ಕೋಣೆ ಬೇಸಗೆಯಲ್ಲಿ 35 ಡಿಗ್ರಿ. ಆ ಬಿಸಿಯಲ್ಲಿ ಮದ್ಯಸಾರ ಮೂಗಿಗೆ ಹೊಡೆದು ಉಳಿದೆಲ್ಲ ಪರಿಮಳ ಮುಚ್ಚಿಹೋಗುತ್ತದೆ. ಬಿರಡೆ ತೆಗೆಯುವ ಮುನ್ನ ಬಾಟಲಿಯನ್ನು ಒಂದು ಗಂಟೆ ಫ್ರಿಜ್ಜಿನಲ್ಲಿ ಇಡಬೇಕು. ಅವಸರವಿದ್ದರೆ ನೀರು ಮತ್ತು ಮಂಜುಗಡ್ಡೆ ತುಂಬಿದ ಬಕೆಟ್ಟಿನಲ್ಲಿ ಹದಿನೈದು ನಿಮಿಷ ಸಾಕು. ದೂರದಿಂದ ಪೆಟ್ಟಿಗೆಗಳನ್ನು ತರಿಸುವವರು ನವೆಂಬರಿನಿಂದ ಜನವರಿಯೊಳಗೆ ಬೇಡಿಕೆ ಕಳುಹಿಸಿ, ಲಾರಿ ರಾತ್ರಿಯೇ ಸಾಗಿ ಬೆಳಗಾಗುವ ಮುನ್ನ ಊರು ಸೇರುವಂತೆ ಸಾಗಣೆದಾರರೊಡನೆ ಗೊತ್ತುಮಾಡಿಕೊಳ್ಳುವುದು ಒಳಿತು.